ನರ್ಸಮ್ಮನ ಬಯಕೆ ಊಟ

೮ ಫೆಬ್ರವರಿ ೧೯೮೩, ಮಂಗಳವಾರ

ಇಟ್ಟಿಗೆ ಕೆಂಪು ಬಂತು.

ಆ ಬಣ್ಣ ನನಗೆ ಹೊಸದಲ್ಲ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಒಂದಿಷ್ಟು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಹಿಡಿಯೋದು ನನ್ನ ಕೆಲಸವೇ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತೆ. ಸ್ವಲ್ಪ ಇದ್ದರೆ ಹಸಿರಿಗೆ ತಿರುಗುತ್ತೆ, ಜಾಸ್ತಿಯಾದರೆ ಹಳದಿ, ಮೀರಿದರೆ ಇಟ್ಟಿಗೆ ಕೆಂಪು. ಐ.ಡಿ.ಹಳ್ಳಿ ಸುತ್ತಿನ ಊರುಗಳಲ್ಲಿ ಎಷ್ಟೋ ಬಸುರಿಯರ ಕೊಳವೆ ನಾನು ಹಿಡಿದಿದ್ದೀನಿ. ಇವತ್ತು ತುಮಕೂರಿನ ಆಸ್ಪತ್ರೆಯಲ್ಲಿ ಬೇರೆ ಯಾರೋ ಹಿಡಿದಿದ್ದರು. ಒಳಗಿದ್ದದ್ದು ನನ್ನದು.

ಲೇಡಿ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಮೊದಲನೇದು ಏನಾಯ್ತಮ್ಮ?" ಅಂದರು.

"ದಿನ ತುಂಬಿತ್ತು ಡಾಕ್ಟ್ರೇ. ಹೊಟ್ಟೆಯಲ್ಲೇ ಹೋಯ್ತು. ದೊಡ್ಡ ಮಗು. ಇಂಥ ದಪ್ಪ ಕೂಸು ನೋಡೇ ಇಲ್ಲ ಅಂದಿದ್ದಳು ಸೂಲಗಿತ್ತಿ."

"ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗು ಹಾಗೇ ಬೆಳೆಯುತ್ತೆ. ಆಗಲೂ ನಿನಗೆ ಇದು ಇದ್ದಿರಬೇಕು."

ಐದು ವರ್ಷ ಆಯಿತು. ಅತ್ತೆ ಅದನ್ನು ದೃಷ್ಟಿ ಅಂದರು, ನಮ್ಮವ್ವ ಹಣೆಬರಹ ಅಂದಳು. ನಾನು ಏನೂ ಅನ್ನದೆ ನರ್ಸ್ ಟ್ರೈನಿಂಗಿಗೆ ಸೇರಿಕೊಂಡೆ. ಇವತ್ತು ಅದಕ್ಕೆ ಹೆಸರು ಸಿಕ್ಕಿತು.

ಈಗ ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬಿದ್ದಿದೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಸಿಹಿ ಮುಟ್ಟಬಾರದು, ಕರಿದದ್ದು ಮುಟ್ಟಬಾರದು. ಮುದ್ದೆ ಅರ್ಧ, ಸೊಪ್ಪು, ಕಾಳು, ಮಜ್ಜಿಗೆ. ಅದೂ ಹೊತ್ತು ಹೊತ್ತಿಗೆ. "ಸೂಜಿ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ನಿನ್ನ ಬಾಯಿ ಮಾಡಬೇಕು" ಅಂದರು ಡಾಕ್ಟರು.

ವಾಪಸ್ಸು ಬರುವಾಗ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ, ವಾರದ ರಜೆ ಅಂತ ಜೊತೆಗೆ ಬಂದಿದ್ದ ಯಜಮಾನರು ಇಳಿದು ಹೋಗಿ ಪೇಪರಿನಲ್ಲಿ ಕಟ್ಟಿಸಿಕೊಂಡು ಮೈಸೂರು ಪಾಕು ತಂದರು. "ಮುಖ ಬಾಡೋಗಿದೆ, ಒಂದು ಚೂರು ತಿನ್ನು" ಅಂದರು. ಡಾಕ್ಟರು ಹೇಳಿದ್ದನ್ನೆಲ್ಲ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದ ಮನುಷ್ಯ! ನಾನು ಅವರನ್ನು ನೋಡಿದೆ. ಅವರು ಪೊಟ್ಟಣ ನೋಡಿಕೊಂಡರು. ಆಮೇಲೆ ಕಿಟಕಿ ಕೆಳಗೆ ಕಡ್ಲೆಕಾಯಿ ಮಾರುತ್ತಿದ್ದ ಹೆಂಗಸಿಗೆ ಕೊಟ್ಟುಬಿಟ್ಟರು.

ಡಿಪಾರ್ಟ್‌ಮೆಂಟಿಗೆ ಬರೆಯೋ ಡೈರಿ ಬೇರೆ. ಇದು ನನಗೆ.

೧೫ ಫೆಬ್ರವರಿ, ಮಂಗಳವಾರ

ಇನ್ಸುಲಿನ್ ಬಾಟ್ಲಿ ತಣ್ಣಗಿರಬೇಕು. ನಮ್ಮ ಮನೆಗೆ ಫ್ರಿಡ್ಜು ಎಲ್ಲಿಂದ ಬರಬೇಕು? ಮಡಕೆಗೆ ಮರಳು ತುಂಬಿ, ನೀರು ಚಿಮುಕಿಸಿ, ಅದರೊಳಗೆ ಹೂತಿಟ್ಟಿದ್ದೀನಿ. ಬೆಳಿಗ್ಗೆ ಸಿರಿಂಜು ಕುದಿಸೋದು, ತೊಡೆಗೆ ಚುಚ್ಚಿಕೊಳ್ಳೋದು. ಬೇರೆಯವರಿಗೆ ಚುಚ್ಚುವಾಗ "ಇರುವೆ ಕಚ್ಚಿದಂಗೆ" ಅನ್ನುತ್ತೀನಿ. ಇನ್ನು ಮೇಲೆ ಅನ್ನಲ್ಲ.

ಅದು ಕಷ್ಟವಲ್ಲ. ಕಷ್ಟ ಕಾಫಿ. ಪ್ರತಿ ಮನೆಯಲ್ಲೂ "ಬಾ ನರ್ಸಮ್ಮ" ಅನ್ನುತ್ತಾರೆ, ಬೆಲ್ಲದ ಕಾಫಿ ಕಾಯಿಸಿಬಿಟ್ಟಿರುತ್ತಾರೆ. ಇಲ್ಲದ ಮನೆಯವರೂ ಪಕ್ಕದ ಮನೆಯಿಂದ ಬೆಲ್ಲ ಈಸಿಕೊಂಡು ಕಾಯಿಸುತ್ತಾರೆ. ಬೇಡ ಅಂದರೆ ಮುಖ ಸಣ್ಣದಾಗುತ್ತೆ. ಇವತ್ತು ಎಲ್ಲ ಕಡೆಯೂ ಕುಡಿದೆ. ಅರ್ಧರ್ಧ ಲೋಟ ಅಂತ ಸಮಾಧಾನ ಮಾಡಿಕೊಂಡೆ.

ಸಂಜೆ ಹಳದಿ.

೨೪ ಫೆಬ್ರವರಿ, ಗುರುವಾರ

ಮಧುಗಿರಿಯಲ್ಲಿ ಮೀಟಿಂಗು. ಬೆಳಿಗ್ಗೆ ಶುರುವಾದದ್ದು ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಮಾರ್ಚ್ ಒಳಗೆ ಲಸಿಕೆಯ ಗುರಿ ಮುಟ್ಟಬೇಕು, ಎಲ್ಲರೂ ಇನ್ನೂ ಓಡಾಡಬೇಕು. ನಮ್ಮ ಮೇಲಿನ ಹೆಲ್ತ್ ವಿಸಿಟರು ಅಶ್ವತ್ಥಮ್ಮ ಮೇಡಂ ಹೊರಗೆ ಬಂದ ಮೇಲೆ, "ಗಂಗಲಕ್ಷ್ಮೀ, ಪಕ್ಕದ ಸೆಂಟರಿನವಳು ರಜೆ. ಅವಳ ಊರುಗಳನ್ನೂ ನೀನೇ ಒಂಚೂರು ನೋಡಿಕೊಂಡುಬಿಡು" ಅಂದರು.

"ಆಗಲಿ ಮೇಡಂ" ಅಂದೆ. ನನ್ನ ಬಾಯಿಗೆ ಬರೋದು ಅದೊಂದೇ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲು ಸೋತಿದ್ದವು, ತಲೆ ಜೋಂಪು ಹಿಡಿದಿತ್ತು. ಹೋಟೆಲಿನ ಮುಂದೆ ಬಾಣಲೆಯಿಂದ ಆಗತಾನೇ ತೆಗೆದ ಮೆಣಸಿನಕಾಯಿ ಬೋಂಡಾ, ಪಕ್ಕದ ತಟ್ಟೆಯಲ್ಲಿ ಪಾಕ ತೊಟ್ಟಿಕ್ಕೋ ಜಿಲೇಬಿ. ಹೋಟೆಲಿನ ದೊಡ್ಡರಂಗಯ್ಯನವರಿಗೆ ನನ್ನ ಗುರುತು, ಇವರು ಓಡಿಸೋ ಬಸ್ಸು ನಿಲ್ಲೋದು ಅಲ್ಲೇ. ಬಸ್ಸಿನ ಡ್ರೈವರು, ಕಂಡಕ್ಟರಿಗೆ ಅಲ್ಲಿ ಯಾವತ್ತೂ ಪುಕ್ಕಟೆ. "ಸಿದ್ದಗಂಗಣ್ಣನ ಮನೆಯವರು ಬಿಸಿಲಲ್ಲಿ ನಿಂತವ್ರೆ, ಒಳಗೆ ಬಾ ತಾಯಿ" ಅಂದರು. ಎಲೆ ಹಾಕೇಬಿಟ್ಟರು.

ಬೋಂಡಾ ತಿಂದೆ. ಜಿಲೇಬಿನೂ ತಿಂದೆ. ಇನ್ನೊಂದು ಹಾಕಿದರು, ಅದನ್ನೂ ತಿಂದೆ. ತಿನ್ನುವಾಗ ಏನೂ ಅನ್ನಿಸಲಿಲ್ಲ. ಸುಸ್ತಾದವಳ ಕೈ ತಾನಾಗಿ ಹೋಗುತ್ತೆ, ಬಾಯಿ ತಾನಾಗಿ ತೆರೆಯುತ್ತೆ.

೨೫ ಫೆಬ್ರವರಿ, ಶುಕ್ರವಾರ

ಇಟ್ಟಿಗೆ ಕೆಂಪು.

೧೦ ಮಾರ್ಚ್, ಗುರುವಾರ

ಬರೆಯೋಕೆ ಪುರುಸೊತ್ತಿಲ್ಲ. ಕ್ಯಾಂಪು, ಲಸಿಕೆ, ನಡಿಗೆ. ಒಂದು ದಿನ ಹಸಿರು, ಮೂರು ದಿನ ಹಳದಿ. ಇವರು ಪಾವಗಡದಿಂದ ಬರುವಾಗ ಇವತ್ತೂ ಏನೋ ಕಟ್ಟಿಸಿಕೊಂಡು ಬಂದಿದ್ದರು. "ಅಲ್ಲಿನ ಹೋಟೆಲಿನವನು ಇಂಟಿಕಿ ತೀಸ್ಕೊಪೋ, ಮನೆಗೆ ತಗೊಂಡೋಗು ಅಂತ ಕೈಗೆ ತುರುಕಿಬಿಟ್ಟ, ಮನೆಗೆ ಅಂದ ಮೇಲೆ ಹೆಂಗೆ ಬೇಡ ಅನ್ನಲಿ?" ಅಂದರು. ಇವರೂ ನನ್ನ ಜಾತಿಯೇ. ಬೇಡ ಅನ್ನೋಕೆ ಬರಲ್ಲ.

೧೭ ಮಾರ್ಚ್, ಗುರುವಾರ

ಇವತ್ತು ಸಾಯುತ್ತಿದ್ದೆ ಅಂತ ಬರೆದರೆ ಹೆಚ್ಚಾಯಿತೇನೋ. ಆದರೆ ಬಿದ್ದದ್ದು ನಿಜ.

ಬೆಳಿಗ್ಗೆ ಸೂಜಿ ಚುಚ್ಚಿಕೊಂಡೆ. ಬಸ್ಸು ತಪ್ಪುತ್ತೆ ಅಂತ ಒಂದು ಲೋಟ ಮಜ್ಜಿಗೆ ಕುಡಿದು ಓಡಿದೆ. ಗೊಲ್ಲರಹಟ್ಟಿಗೆ ಬಸ್ಸಿಳಿದ ಮೇಲೂ ಒಳದಾರಿ. ಬಿಸಿಲು ಏರಿತ್ತು. ಹಿಂದಿನ ದಿನ ಪಣ ತೊಟ್ಟಿದ್ದೆ, ಯಾರ ಮನೆಯಲ್ಲೂ ಏನೂ ತಿನ್ನಬಾರದು, ಕುಡಿಯಬಾರದು ಅಂತ. ಆ ಪಣ ಇವತ್ತೇ ಪಾಲಿಸಬೇಕಾ! ಹಟ್ಟಿಯ ಬೇಲಿ ದಾಟುವಷ್ಟರಲ್ಲಿ ಮೈ ನಡುಗೋಕೆ ಶುರುವಾಯಿತು. ರವಿಕೆ ಬೆವರಲ್ಲಿ ನೆಂದುಹೋಯಿತು. ಕಣ್ಣಿಗೆ ಎಲ್ಲ ಎರಡೆರಡು ಕಾಣಿಸಿತು. ಜುಂಜಮ್ಮನ ಜಗುಲಿ ಹಿಡಿದುಕೊಂಡು ಹಾಗೇ ಕುಸಿದೆ.

ಜುಂಜಮ್ಮ ಕುರಿ ಹಟ್ಟಿಯ ಹಿರಿಯಳು. ಮಾತು ಗಡಸು, ಕೈ ಮೆತ್ತಗೆ. "ನರ್ಸಮ್ಮಾ! ಇಂಗ್ಯಾಕೆ ಬೆವರ್ತಿದ್ದೀಯಾ? ಗಾಳಿ ಗೀಳಿ ಆಯ್ತೇನವ್ವಾ?" ಅಂತ ತಲೆ ಎತ್ತಿ ತೊಡೆ ಮೇಲೆ ಇಟ್ಟುಕೊಂಡಳು.

"ಸಕ್ಕರೆ... ಇಲ್ಲಾಂದ್ರೆ ಬೆಲ್ಲ... ನೀರಲ್ಲಿ" ಅಂದೆ. ಅಷ್ಟು ಹೇಳೋಕೂ ನಾಲಿಗೆ ನೆಟ್ಟಗೆ ತಿರುಗಲಿಲ್ಲ.

ಬೆಲ್ಲದ ನೀರು ಒಳಗೆ ಹೋದಂಗೆ ಲೋಕ ಮತ್ತೆ ಒಂದೊಂದಾಗಿ ಜಾಗಕ್ಕೆ ಬಂದು ಕೂತಿತು. ಮೊದಲು ಕುರಿಗಳ ಸದ್ದು, ಆಮೇಲೆ ಜುಂಜಮ್ಮನ ಮುಖ. ಆಗ ಅವಳಿಗೆ ಎಲ್ಲ ಹೇಳಿಬಿಟ್ಟೆ. ಇದುವರೆಗೂ ಯಾರಿಗೂ ಹೇಳದ್ದನ್ನೂ ಹೇಳಿದೆ, ಮೊದಲನೇ ಮಗುವಿನ ಕೈಬೆರಳು ಎಷ್ಟು ಚೆನ್ನಾಗಿದ್ದವು ಅಂತ.

ಅವಳು ಪೂರ್ತಿ ಕೇಳಿದಳು. ಕೊನೆಗೆ, "ಅಲ್ಲ ಕಣಮ್ಮ, ಸಕ್ಕರೆ ತಿಂದ್ರೂ ತಪ್ಪು, ಹೊಟ್ಟೆ ಖಾಲಿ ಬುಟ್ಟ್ರೂ ತಪ್ಪು ಅಂದ್ಮೇಲೆ, ನೀನು ಇಂಗೆ ಉಪವಾಸ ಬಿದ್ದು ಸಿಕ್ಕಿದ್ದು ತಿನ್ನೋದು ಹೆಂಗೆ ಸರಿ? ನಾವು ಕುರಿ ಹೊಡ್ಕೊಂಡು ಹೋಗೋವಾಗ ಬುತ್ತಿ ಇಲ್ದೆ ಹೊರಡ್ತೀವಾ?" ಅಂದಳು.

ಅದು ಸರಿ.

೧೮ ಮಾರ್ಚ್, ಶುಕ್ರವಾರ

ಎದ್ದ ಕೂಡಲೇ ಎರಡು ರಾಗಿ ರೊಟ್ಟಿ ತಟ್ಟಿದೆ. ಹುರುಳಿಕಾಳು ಉಸಲಿ. ಲಸಿಕೆ ಚೀಲದ ಪಕ್ಕದ ಜೇಬಿನಲ್ಲಿ ಡಬ್ಬಿ. ಒಂದು ತುಂಡು ಬೆಲ್ಲ ಬೇರೆ, ಕಾಗದದಲ್ಲಿ ಸುತ್ತಿ, ಮೈ ನಡುಗಿದರೆ ಮಾತ್ರ.

ಹೊಟ್ಟೆ ತುಂಬಿದ್ದರೆ ದೊಡ್ಡರಂಗಯ್ಯನವರ ಬಾಣಲೆ ಬರೀ ಬಾಣಲೆ. ಇವತ್ತು ಅದರ ಮುಂದೆಯೇ ಬಸ್ಸಿಗೆ ಕಾದೆ. ವಾಸನೆ ಬಂತು. ನೋಡಿದೆ. ಬಸ್ಸು ಬಂತು, ಹತ್ತಿದೆ.

ಸಂಜೆ ಹಸಿರು.

೨ ಏಪ್ರಿಲ್, ಶನಿವಾರ

ನೀಲಿ! ದೀಪದ ಮೇಲೆ ಎಷ್ಟು ಹೊತ್ತು ಹಿಡಿದರೂ ನೀಲಿ. ಕೊಳವೆ ಸರಿಯಿಲ್ಲವೇನೋ ಅಂತ ಇನ್ನೊಂದು ಸಲ ಮಾಡಿದೆ. ನೀಲಿ.

ಇವರನ್ನು ಎಬ್ಬಿಸಿ ತೋರಿಸಿದೆ. ನಿದ್ದೆಗಣ್ಣಲ್ಲಿ, "ಏನಿದು, ಇಂಕಾ?" ಅಂದರು.

೧೪ ಏಪ್ರಿಲ್, ಗುರುವಾರ, ಯುಗಾದಿ

ಕೊರಟಗೆರೆ ಹತ್ತಿರ ಅತ್ತೆ ಮನೆಗೆ ಬಂದಿದ್ದೀವಿ. ಬೇವು ಬೆಲ್ಲ ಕೊಟ್ಟಾಗ ಬೇವು ಮಾತ್ರ ತಿಂದೆ. ಅತ್ತೆ ನೋಡಿದರು. ಊಟದ ಹೊತ್ತಿಗೆ ಬಿತ್ತು ಸಿಡಿಲು.

ನಮ್ಮತ್ತೆ ದಾಸಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ಕೂತು ಹೋಳಿಗೆ ಬೇಯಿಸಿದ್ದರು. ಮೊದಲನೇ ಹೋಳಿಗೆ ತುಪ್ಪದಲ್ಲಿ ಅದ್ದಿ ನನ್ನ ಎಲೆಗೇ ತಂದರು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಯಾಕವ್ವಾ?"

"ಬೇಡ ಅತ್ತೆಮ್ಮ. ಡಾಕ್ಟ್ರು..."

"ಡಾಕ್ಟ್ರು ಹೇಳ್ತಾರೆ, ಅವ್ರಿಗೇನು? ಬಸುರಿ ಬಯಕೆ ಅಡಗಿಸಿಕೊಂಡ್ರೆ ಹುಟ್ಟೋ ಕೂಸಿನ ಕಿವಿ ಸೋರುತ್ತೆ. ಹೋದ ಸಲ ಅದು ಬೇಡ ಇದು ಬೇಡ ಅಂತ ಅಂದಿದ್ದಕ್ಕೇ ಅಂಗಾಯ್ತು."

ಹೋದ ಸಲ ನಾನು ಯಾವುದನ್ನೂ ಬೇಡ ಅಂದಿರಲಿಲ್ಲ. ಅವರು ಹಾಕಿದ್ದೆಲ್ಲ ತಿಂದಿದ್ದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೈ ಮಾತ್ರ ಎಲೆ ಮೇಲಿಂದ ತೆಗೆಯಲಿಲ್ಲ. ತುಪ್ಪ ನನ್ನ ಮುಂಗೈ ಮೇಲೆ ತೊಟ್ಟಿಕ್ಕಿತು. ಇವರು ತಲೆ ಬಗ್ಗಿಸಿಕೊಂಡು ಕೂತಿದ್ದರು.

ಅತ್ತೆ ಹೋಳಿಗೆ ತಟ್ಟೆ ನೆಲಕ್ಕೆ ಇಟ್ಟು ಹಿತ್ತಿಲಿಗೆ ಹೋಗಿಬಿಟ್ಟರು. ಹಬ್ಬದ ದಿನ ಅತ್ತರು. ನನಗೂ ಅಳು ಬಂತು, ಆದರೆ ಹೋಳಿಗೆಗಲ್ಲ.

ಸಂಜೆ ನಾನು ಜೊತೆಯಲ್ಲಿ ತಂದಿದ್ದ ಸ್ಪಿರಿಟ್ ದೀಪ, ಕೊಳವೆ ಹಿತ್ತಿಲಿಗೆ ತಗೊಂಡು ಹೋದೆ. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಕೂತು ಕಾಯಿಸಿದೆ. ನೀಲಿ ಉಳಿಯಿತು. ಇನ್ನೊಂದು ಕೊಳವೆಯಲ್ಲಿ ಹೋಳಿಗೆಗೆ ಹಾಕಿದ್ದ ಬೆಲ್ಲದ ನೀರು ಎರಡು ಹನಿ ಬಿಟ್ಟು ಕಾಯಿಸಿದೆ. ಹಸಿರಾಯಿತು, ಹಳದಿಯಾಯಿತು, ನೋಡ್ತಾ ನೋಡ್ತಾ ಇಟ್ಟಿಗೆ ಕೆಂಪು.

"ಕೂಸು ಇದರೊಳಗೆ ನೆಂದಿರೋದು ಬೇಕಾ, ಅದರೊಳಗಾ?" ಅಂದೆ.

ಅತ್ತೆಗೆ ಓದು ಬರಲ್ಲ. ಎರಡೂ ಕೊಳವೆ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. "ಗೂಡಲ್ಲಿ ಬೆಂದ ಇಟ್ಟಿಗೆ ಇದ್ದಂಗೈತೆ" ಅಂದರು.

೨೬ ಏಪ್ರಿಲ್, ಮಂಗಳವಾರ

ಅಶ್ವತ್ಥಮ್ಮ ಮೇಡಂ ಬಂದಿದ್ದರು. ರಜೆಯವಳು ಇನ್ನೂ ಬಂದಿಲ್ಲವಂತೆ, ಅವಳ ಊರುಗಳ ಜೊತೆಗೆ ಇನ್ನೊಂದು ಹಟ್ಟಿಯನ್ನೂ ನಾನು ನೋಡಬೇಕಂತೆ.

"ಆಗಲ್ಲ ಮೇಡಂ" ಅಂದೆ. "ಹೊತ್ತು ಹೊತ್ತಿಗೆ ಊಟ ಮಾಡಬೇಕು ನಾನು. ನನ್ನ ಊರುಗಳನ್ನ ಚೆನ್ನಾಗಿ ನೋಡ್ತೀನಿ. ಅದು ಬೇರೆಯವರಿಗೆ ಕೊಡಿ."

ಅವರು ಕನ್ನಡಕದ ಮೇಲಿಂದ ನೋಡಿ, "ಸರಿ" ಅಂದರು. ಅಷ್ಟೇ. ಬೇರೆ ಯಾರಿಗೋ ಹೇಳಿದರಂತೆ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಬದನೆಕಾಯಿ ಗಿಡಕ್ಕೆ ಹುಳ ಬಿದ್ದಿದೆ, ಬೂದಿ ಹಾಕಬೇಕು.

ಇವರು ಪಾವಗಡದಿಂದ ಬೇಯಿಸಿದ ಕಡ್ಲೆಕಾಯಿ ತಂದರು. ಹೋಟೆಲಿನವನಿಗೆ ಹೇಳಿಬಿಟ್ಟರಂತೆ, ನಮ್ಮ ಮನೆಗೆ ಸಿಹಿ ಕಟ್ಟಬೇಡ, ಕಟ್ಟಿದರೆ ನಿನ್ನ ಹೋಟೆಲ್ ಮುಂದೆ ಬಸ್ಸೇ ನಿಲ್ಲಿಸಲ್ಲ ಅಂತ. ಹೇಳುವಾಗ ಎದೆ ಉಬ್ಬಿತ್ತು. ಒಂದು ಹಿಡಿ ಕಡ್ಲೆಕಾಯಿ ನನಗೆ, ಮಿಕ್ಕಿದ್ದು ಅವರಿಗೆ.

೧೨ ಮೇ, ಗುರುವಾರ

ಅತ್ತೆ ಬಂದರು, ಹೆರಿಗೆಯವರೆಗೂ ಇರುತ್ತೀನಿ ಅಂತ. ತಲೆ ಮೇಲೆ ಮಾವಿನಹಣ್ಣಿನ ಕುಕ್ಕೆ. ಮನೆ ತುಂಬ ಘಮ. ಹೊಸಿಲು ದಾಟಿ ಒಳಗೆ ಬಂದ ಮೇಲೆ ಏನೋ ನೆನಪಾದವರಂಗೆ ನಿಂತರು. ಕುಕ್ಕೆ ಹೊತ್ತುಕೊಂಡು ವಾಪಸ್ಸು ಹೋಗಿ ಪಕ್ಕದ ಮನೆಗೆ ಕೊಟ್ಟುಬಂದರು.

ನನಗೆ ಗೊತ್ತಾಗದಿರಲಿ ಅಂತ ಸೆರಗಲ್ಲಿ ಕೈ ಒರೆಸಿಕೊಂಡರು. ನಾನು ನೋಡದವಳ ಹಾಗೆ ಒಲೆ ಊದಿದೆ.

೨೦ ಮೇ, ಶುಕ್ರವಾರ

ಬೆಳಿಗ್ಗೆ ಎದ್ದರೆ ಅತ್ತೆಯ ಮೊದಲ ಮಾತು, "ಬಣ್ಣ ಏನು ಬಂತು?" ನೀಲಿ ಅಂದರೆ ಬಾವಿಗೆ ಹಾಡಿಕೊಂಡು ಹೋಗುತ್ತಾರೆ. ಹಸಿರು ಅಂದರೆ ಇವತ್ತಿನ ಮುದ್ದೆ ಇಷ್ಟೇ ಇಷ್ಟು ಆಗುತ್ತೆ.

೩ ಜೂನ್, ಶುಕ್ರವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಬೆಳಗಿನ ಬಸ್ಸಿಗೇ ಹುಚ್ಚಣ್ಣನವರ ಮನೆಯಿಂದ ಕರೆಯೋಕೆ ಬಂದರು. ಸೊಸೆಗೆ ನೋವು ಶುರುವಾಗಿದೆ, ಕೂಸು ಬರ್ತಾ ಇಲ್ಲ ಅಂತ. ಹೋದೆ. ಚೊಚ್ಚಲು. ಹುಡುಗಿ ಹೆದರಿ ನನ್ನ ಕೈ ಹಿಡಿದದ್ದು ಬಿಡಲೇ ಇಲ್ಲ. ನನ್ನದೇ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ನೆಲದ ಮೇಲೆ ಮಂಡಿಯೂರಿ ಕೂತಿದ್ದೆ. ನಡುವೆ ಡಬ್ಬಿಯ ರೊಟ್ಟಿ ಮುಗಿಸಿದೆ. ಮಧ್ಯಾಹ್ನ ಇಳಿದ ಮೇಲೆ ಮಗು ಬಂತು, ಗಂಡು. ತಾಯಿಗೆ ಹೊಲಿಗೆ ಬೇಕಾಯಿತು. ಎಲ್ಲ ಮುಗಿಸಿ ಕೈ ತೊಳೆದುಕೊಂಡು ಬಂದು ನಡುಮನೆಯ ಗೋಡೆಗೆ ಒರಗಿದಾಗ ನನ್ನ ಮೈಯಲ್ಲಿ ಒಂದು ಚೂರು ಬಲ ಉಳಿದಿರಲಿಲ್ಲ. ಸೊಂಟ ಮುರಿದುಬಿದ್ದಿತ್ತು. ಹಸಿವು ಅಂದರೆ ಎಂಥ ಹಸಿವು!

ಮನೆಯೊಡತಿ ಗೌರಕ್ಕ ಬಂದು ತಟ್ಟೆ ಇಟ್ಟು ಮತ್ತೆ ಬಾಣಂತಿ ಕೋಣೆಗೆ ಓಡಿದಳು. ತಟ್ಟೆ ತುಂಬ ಕಜ್ಜಾಯ. ಬಿಸಿ. ಮೇಲೆ ತುಪ್ಪ ಹೆಪ್ಪುಗಟ್ಟೋಕೂ ಪುರುಸೊತ್ತಿಲ್ಲದೆ ಹರಿಯುತ್ತಿತ್ತು.

ನಡುಮನೆಯಲ್ಲಿ ಯಾರೂ ಇರಲಿಲ್ಲ. ಇವರಿಲ್ಲ, ಅತ್ತೆ ಇಲ್ಲ, ಡಾಕ್ಟರಿಲ್ಲ. ತಟ್ಟೆ ಖಾಲಿಯಾದರೆ ಖುಷಿಪಡುವವರೇ ಎಲ್ಲ. ಕೈ ಹೋಯಿತು. ಒಂದು ತುಂಡು ಮುರಿದೆ. ಬೆಲ್ಲದ ವಾಸನೆ, ಗಸಗಸೆಯ ವಾಸನೆ. ಒಂದೇ ಚೂರು ಅಂದುಕೊಂಡೆ. ಆಮೇಲೆ ನನಗೇ ನಗು ಬಂತು. ನನಗೆ ನಾನೇ ಎಷ್ಟು ಸಲ ಒಂದೇ ಚೂರು ಅಂದಿಲ್ಲ? ಒಂದೇ ಚೂರು ಅನ್ನೋದು ಯಾವತ್ತೂ ಒಂದಾಗಿರಲಿಲ್ಲ.

ತುಂಡನ್ನು ತಟ್ಟೆಗೇ ಹಾಕಿದೆ. ಆದರೆ ಹಸಿವು ಹೋಗಬೇಕಲ್ಲ. ಬೇಡ ಅನ್ನೋದು ಇಷ್ಟು ದಿನದಲ್ಲಿ ಹೇಗೋ ಬಂದಿತ್ತು. ಇನ್ನೊಬ್ಬರ ಮನೆಯಲ್ಲಿ ಕೂತು, ನನಗೆ ಇಂಥದ್ದು ಕೊಡಿ ಅಂತ ಬಾಯಿಬಿಟ್ಟು ಕೇಳಿದವಳಲ್ಲ ನಾನು. ನಮ್ಮವ್ವ ಹಾಗೆ ಬೆಳೆಸಿಲ್ಲ. ಕೈ ಸಣ್ಣಗೆ ನಡುಗೋಕೆ ಶುರುವಾಯಿತು. ಆಗ ಕೂಗಿದೆ.

"ಗೌರಕ್ಕಾ! ಮುದ್ದೆ ಇದೆಯಾ?"

ಓಡಿ ಬಂದಳು. "ಏನವ್ವಾ? ಕಜ್ಜಾಯ ಬೇಯಲಿಲ್ವಾ?"

"ಚೆನ್ನಾಗಿ ಬೆಂದಿದೆ. ನಾನು ಸಿಹಿ ತಿನ್ನಂಗಿಲ್ಲ. ಬೆಳಗಿನ ಮುದ್ದೆ ಇದ್ದರೆ ಒಂದು ತುಂಡು ಕೊಡು. ಬೇಗ ಕೊಡು, ಕೈ ನಡುಗ್ತಿದೆ."

"ಅಯ್ಯೋ ನನ್ನವ್ವಾ, ಮನೇಲಿ ಗಂಡು ಕೂಸು ಹುಟ್ಟೈತೆ, ಹೆರಿಗೆ ಮಾಡಿಸಿದೋಳಿಗೆ ತಂಗಳ ಮುದ್ದೆ ಹೆಂಗೆ ಹಾಕಲಿ? ಊರು ಏನಂತದೆ?"

"ಊರಿಗೆ ನಾನು ಹೇಳ್ತೀನಿ. ನೀನು ತಗೊಂಡು ಬಾ."

ತಂದಳು. ತಂಗಳ ಮುದ್ದೆ, ಹುಚ್ಚೆಳ್ಳು ಚಟ್ನಿ, ಒಂದು ಚೊಂಬು ಮಜ್ಜಿಗೆ. ಗೌರಕ್ಕ ಎದುರಿಗೆ ಕೂತು ನೋಡುತ್ತಿದ್ದಳು. ತಿನ್ನುತ್ತಾ ತಿನ್ನುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಚಟ್ನಿ ಖಾರ ಇತ್ತು. ಅದೊಂದೇ ಅಲ್ಲ. ಇಷ್ಟು ರುಚಿಯಾಗಿ ನಾನು ಯಾವ ಹಬ್ಬದಲ್ಲೂ ಉಂಡಿಲ್ಲ.

ಹೊರಡುವಾಗ ಕಜ್ಜಾಯ ಕಟ್ಟಿಕೊಟ್ಟಳು, ಯಜಮಾನರಿಗೆ ಅಂತ. ತಂದು ಕೊಟ್ಟೆ. ಇವರು ತಿಂದು, "ಸ್ವಲ್ಪ ಗಟ್ಟಿಯಾಯ್ತು" ಅಂದರು.

೨೪ ಜೂನ್, ಶುಕ್ರವಾರ

ಬಯಕೆ ಊಟ ಮುಗಿಯಿತು. ಮೈಕೈ ನೋವು, ಆದರೆ ನಿದ್ದೆ ಬರ್ತಿಲ್ಲ, ಬರೆದು ಮಲಗುತ್ತೀನಿ.

ಹೋದ ವಾರ ಅತ್ತೆ ಕೇಳಿದರು, "ಏನು ಮಾಡಿಸಲವ್ವಾ? ಬಸುರಿ ಬಾಯಲ್ಲಿ ಬಂದಿದ್ದು ಮಾಡಲೇಬೇಕು. ನೀನೇ ಹೇಳಿಬುಡು." ನಾನು ಬೆರಕೆ ಸೊಪ್ಪಿನ ಮಸ್ಸೊಪ್ಪು ಅಂದೆ. ಅದು ಸುಳ್ಳಲ್ಲ, ಮೊದಲ ಮಳೆ ಬಿದ್ದಾಗಿನಿಂದ ಅದೇ ಕನಸು. ಅತ್ತೆ ಅಷ್ಟು ಜೋರಾಗಿ ನಕ್ಕಿದ್ದನ್ನ ನಾನು ನೋಡಿದ್ದು ಇದೇ ಮೊದಲು.

ಜುಂಜಮ್ಮ ಹಟ್ಟಿಯಿಂದ ಬಂದಳು, ತಲೆ ಮೇಲೆ ಹೊರೆ ಸೊಪ್ಪು. ಹೊಲದ ಬದುವಿನದು, ಒಂದೊಂದೂ ಎಳೆಯದು. ಜಗುಲಿ ಮೇಲೆ ಸುರುವಿ, "ನಮ್ಮ ಕುರಿಗೂ ಬುಡದೆ ಕುಯ್ಕೊಂಡು ಬಂದಿವ್ನಿ, ತಿನ್ನು" ಅಂದಳು. ಅತ್ತೆ, ಅವಳು, ನಾನು ಕೂತು ಸೋಸಿದೆವು.

ಬಂದ ಹೆಂಗಸರಿಗೆ ಹೋಳಿಗೆಯೂ ಇತ್ತು. ಬಡಿಸುವಾಗ ತುಪ್ಪ ಸಾಲದೆ ಬಂತು, ನಾನೇ ಒಳಗೆ ಹೋಗಿ ಕಾಯಿಸಿಕೊಂಡು ತಂದು ಎಲ್ಲರಿಗೂ ಹಾಕಿದೆ. ಅಶ್ವತ್ಥಮ್ಮ ಮೇಡಂ ಎರಡು ಹಾಕಿಸಿಕೊಂಡರು. ಆಮೇಲೆ ನನ್ನನ್ನು ಮಣೆ ಮೇಲೆ ಕೂರಿಸಿ, ಮಡಿಲು ತುಂಬಿ, ಎಲೆ ಮುಂದಿಟ್ಟರು. ಅರ್ಧ ಮುದ್ದೆ, ಮಸ್ಸೊಪ್ಪು, ಹುರುಳಿಕಾಳು, ಮಜ್ಜಿಗೆ.

ಹಿಂದಿನ ಸಾಲಿನಲ್ಲಿ ಯಾರೋ ಅಂದರು, "ಇದ್ಯಾವ ಬಯಕೆ ಊಟನವ್ವಾ? ಸಿಹಿ ಇಲ್ದೆ? ಕೂಸಿನ ಕಿವಿ ಸೋರಲ್ವಾ?"

ನಾನು ತಲೆ ಎತ್ತುವಷ್ಟರಲ್ಲಿ ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. "ಬಯಸಿದ್ದು ಹಾಕದಿದ್ರೆ ತಾನೇ ಸೋರೋದು? ನನ್ನ ಸೊಸೆ ಬಯಸಿದ್ದು ಸೊಪ್ಪು, ಹಾಕಿದ್ದು ಸೊಪ್ಪು. ಇನ್ನೆಲ್ಲಿ ಸೋರುತ್ತೆ ಹೇಳು ನೋಡಾನ!"

ಮನೆಯೆಲ್ಲ ನಗು. ನಾನು ಎಲೆ ಬಳಿದು ತಿಂದೆ. ಇನ್ನೊಂದು ಸಲ ಸೊಪ್ಪು ಹಾಕಿಸಿಕೊಂಡೆ.

೧೬ ಜುಲೈ, ಶನಿವಾರ, ತುಮಕೂರು

ಸೇರಿಸಿಕೊಂಡಿದ್ದಾರೆ. ಕೊನೆಯ ವಾರಗಳು ಆಸ್ಪತ್ರೆಯಲ್ಲೇ ಇರಬೇಕಂತೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಅಳತೆ ಮಾಡಿದರು. "ಮಗು ಸರಿಯಾದ ಗಾತ್ರದಲ್ಲಿದೆ" ಅಂದರು. ಇನ್ನೊಂದು ಸಲ ಹೇಳಿ ಅಂತ ಕೇಳಿದೆ. ಹೇಳಿದರು.

ಪಕ್ಕದ ಹಾಸಿಗೆಯಲ್ಲಿ ಹನುಮಕ್ಕ, ಸಿರಾ ಕಡೆಯವಳು. ನನ್ನದೇ ಕಾಯಿಲೆ, ನನಗಿಂತ ಎಷ್ಟೋ ಚಿಕ್ಕವಳು. ಯಾರೋ ತಂದಿಟ್ಟ ಬನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಅಳುತ್ತಿದ್ದಳು. "ಅಕ್ಕಾ, ನಂಗೆ ಆಗಲ್ಲ. ನೀವು ಗಟ್ಟಿ ಇದ್ದೀರಾ" ಅಂದಳು.

ನಾನು ಗಟ್ಟಿಯಾ? ನಗು ಬಂತು. ಡಬ್ಬಿ ತೆಗೆದು ಅವಳಿಗೆ ಅರ್ಧ ರೊಟ್ಟಿ ಕೊಟ್ಟೆ. "ಮೊದಲು ಇದು ತಿನ್ನು. ಹೊಟ್ಟೆ ತುಂಬಿದ ಮೇಲೆ ಬನ್ನಿನ ವಿಚಾರ ಮಾತಾಡೋಣ" ಅಂದೆ. ತಿಂದಳು. ಬನ್ನಿನ ಮಾತು ಮತ್ತೆ ಬರಲಿಲ್ಲ.

೩೦ ಜುಲೈ, ಶನಿವಾರ

ಹೆದರಿಕೆ. ಇವತ್ತು ಒದೆತ ಕಡಿಮೆ ಅನ್ನಿಸಿತು. ಎಡಕ್ಕೆ ಮಲಗಿ ಕಾದೆ. ಕಾದೆ. ಒದ್ದಿತು.

ಸೋಮವಾರ ನೋವು ಬರಿಸುತ್ತಾರಂತೆ.

೪ ಆಗಸ್ಟ್, ಗುರುವಾರ

ಮಂಗಳವಾರ ಬೆಳಿಗ್ಗೆ ಹುಟ್ಟಿದಳು. ಹೆಣ್ಣು. ಮೂರು ಕೆ.ಜಿ.ಗೆ ಒಂದು ಗುಲಗಂಜಿ ಕಡಿಮೆ ಅಂದರು ತಕ್ಕಡಿ ಹಿಡಿದ ಸಿಸ್ಟರು. ಊದಿಕೊಂಡಿಲ್ಲ, ಬಾಡ್ಕೊಂಡಿಲ್ಲ. ಮಗು ಇದ್ದಂಗೆ ಇದೆ ಮಗು.

ಸೋಮವಾರ ಇಡೀ ದಿನ ನೋವು ತಿಂದೆ. ಎಷ್ಟೋ ಹೆಂಗಸರಿಗೆ "ತಾಳಿಕೋ, ಈಗ ಆಯ್ತು" ಅಂದಿದ್ದೀನಿ, ಅದೂ ಇನ್ನು ಮೇಲೆ ಅನ್ನಲ್ಲ. ಇವರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಸ್ಸಿಗೆ ಬೇರೆ ಡ್ರೈವರನ್ನು ಹಾಕಿಸಿ ಬಂದಿದ್ದರು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಮಗುವನ್ನು ತೋರಿಸಿದಾಗ ಎತ್ತಿಕೊಳ್ಳೋಕೆ ಕೈ ಬರಲಿಲ್ಲವಂತೆ. ಸ್ಟೇರಿಂಗ್ ಹಿಡಿಯೋ ಕೈ ಅಂತ ಎರಡು ಸಲ ಸೋಪು ಹಾಕಿ ತೊಳೆದುಕೊಂಡು ಬಂದರಂತೆ. ಅತ್ತೆ ಹೇಳಿ ಹೇಳಿ ನಗುತ್ತಾರೆ.

ಡಾಕ್ಟರು ಬಂದು ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ನೋಡಿದರು. ಎದೆಹಾಲು ಕುಡಿಸ್ತಾ ಇರು, ಏನೂ ಭಯವಿಲ್ಲ ಅಂದರು. ಹೊರಟವರು ತಿರುಗಿ ನಿಂತು, "ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ ಗಂಗಲಕ್ಷ್ಮಿ. ಫೆಬ್ರವರಿಯಲ್ಲಿ ನಿನ್ನ ಮುಖ ನೋಡಿದಾಗ" ಅಂದರು. ನನ್ನ ಮುಖ ಆಗ ಹೇಗಿತ್ತೋ ನನಗೆ ನೆನಪಿಲ್ಲ.

ಇವತ್ತು ನಾದಿನಿ ಈರಕ್ಕ ಬಂದಳು, ಊರಿಂದ ಬುಟ್ಟಿ ಹೊತ್ತುಕೊಂಡು. ಮಗುವನ್ನು ನೋಡಿ ಲಟಿಕೆ ಮುರಿದಳು. ಒಂದು ಬಟ್ಟಲಲ್ಲಿ ಸಕ್ಕರೆ ನೀರು ಕಲಸಿ, ಹತ್ತಿಯ ಬತ್ತಿ ಅದ್ದಿ, "ಮೊದಲು ಬಾಯಿ ಸಿಹಿ ಮಾಡಬೇಕು" ಅಂತ ಬಂದಳು. ನಾನು ಮಗುವನ್ನು ಈ ಕಡೆ ಎಳೆದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅತ್ತೆ ಈರಕ್ಕನ ಕೈ ಹಿಡಿದುಕೊಂಡರು.

"ಲೇ ಈರಿ, ಇಡೇ ಆ ಬಟ್ಲು ಕೆಳಕ್ಕೆ. ಅವಳವ್ವನ ಹಾಲೈತೆ, ಅದಕ್ಕಿಂತ ಸಿಹಿ ಯಾವುದು?"

"ಎಲ್ಲಾ ಕೂಸಿಗೂ ಮಾಡ್ತಾರಲ್ಲವ್ವಾ!"

"ಮಾಡ್ಲಿ. ಈ ಕೂಸು ಹೆಂಗೆ ಬಂತು ಅಂತ ನಿಂಗೆ ಗೊತ್ತಿಲ್ಲ. ನಾನು ಕಣ್ಣಾರೆ ನೋಡಿವ್ನಿ."

ಈರಕ್ಕ ಬಟ್ಟಲನ್ನು ಕಿಟಕಿ ಮೇಲೆ ಇಟ್ಟಳು. ಆಮೇಲೆ ಅವಳೇ ಅದನ್ನು ಕುಡಿದುಬಿಟ್ಟಳು.

ಈಗ ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಮಗಳು ಎದ್ದಳು. ಎದ್ದ ಕೂಡಲೇ ಕೈಕಾಲು ಝಾಡಿಸಿ ಅಳು. ಏನು ದನಿ! ವಾರ್ಡಿನ ಆ ಕೊನೆಯಿಂದ ಯಾರೋ, "ಯಾರದಮ್ಮ ಅದು? ಎತ್ತಿಕೊಳ್ಳಮ್ಮ" ಅನ್ನುತ್ತಿದ್ದಾರೆ.

ಎತ್ತಿಕೊಳ್ಳುತ್ತೀನಿ. ಒಂದು ಗಳಿಗೆ ಇರಿ. ಕೇಳಿಸಿಕೊಳ್ಳುತ್ತಿದ್ದೀನಿ.